ಒಸಡಿನಲ್ಲಿ ರಕ್ತ ಬಂದರೆ ಬ್ರಶ್ ನಿಲ್ಲಿಸಬೇಡಿ

ಉಡುಪಿಯ ಒಂದು ದಂತ ಕ್ಲಿನಿಕ್ಕಿನಲ್ಲಿ ಹಲ್ಲು ಕ್ಲೀನ್ ಮಾಡುವುದು ನನ್ನ ಕೆಲಸ. ಕುರ್ಚಿಯಲ್ಲಿ ಕೂತವರು ಹೆಚ್ಚಾಗಿ ಹೇಳುವುದು ಒಂದೇ ಮಾತು: "ನೋವಿಲ್ಲ ಮಾರಾಯ್ರೇ, ಸುಮ್ನೆ ಸ್ವಲ್ಪ ರಕ್ತ ಬರ್ತದೆ." ಹುಳುಕು ಹಲ್ಲಾದರೆ ರಾತ್ರಿ ನಿದ್ದೆ ಕೆಡಿಸುತ್ತದೆ. ಒಸಡಿನ ಕಾಯಿಲೆ ಎಷ್ಟೋ ಸಲ ಹಲ್ಲು ಅಲುಗಾಡುವವರೆಗೂ ನೋಯುವುದೇ ಇಲ್ಲ.

ಮೊದಲು ಮನೆಯಲ್ಲೇ ನೋಡಿಕೊಳ್ಳಿ. ಕನ್ನಡಿ ಮುಂದೆ ನಿಂತು ನಾಲಿಗೆ ಮೇಲೆತ್ತಿ, ಕೆಳಗಿನ ಮುಂಭಾಗದ ಹಲ್ಲುಗಳ ಹಿಂಬದಿಗೆ ಟಾರ್ಚ್ ಹಿಡಿಯಿರಿ. ಜೊಲ್ಲು ಒಸರುವುದು ಅಲ್ಲೇ ಹತ್ತಿರ. ಹಾಗಾಗಿ ಹಲ್ಲಿಗೆ ಅಂಟಿದ ಪಾಚಿ ಜೊಲ್ಲಿನ ಲವಣ ಸೇರಿ ಬೇಗ ಗಟ್ಟಿಯಾಗಿ ಕಲ್ಲಾಗುತ್ತದೆ. ನಾಲಿಗೆ ತುದಿಗೆ ದೊರಗು ಸಿಗುತ್ತದೆ. ಎಲೆಅಡಿಕೆ ಹಾಕುವವರ ಬಾಯಲ್ಲಿ ಅದು ಕಪ್ಪುಗಂದು. ಬ್ರಶ್ಶಿಗೆ ಅದು ಹೋಗುವುದಿಲ್ಲ. ಪಿನ್ನು ಹಾಕಿ ಕೆರೆಯಲೂ ಬೇಡಿ.

ಹಾಗೇ ಬಿಟ್ಟರೆ ಕಲ್ಲು ಒಸಡಿನ ಕೆಳಗಿಳಿಯುತ್ತದೆ. ಒಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಸಂದಾಗುತ್ತದೆ. ನಾವು ಗೆರೆ ಹಾಕಿದ ಸಣ್ಣ ಕಡ್ಡಿ ಇಳಿಸಿ ಅದನ್ನು ಅಳೆಯುತ್ತೇವೆ. 1ರಿಂದ 3 ಮಿ.ಮೀ. ಇದ್ದರೆ ಸರಿ, 4 ಅಥವಾ ಅದಕ್ಕಿಂತ ಹೆಚ್ಚಾದರೆ ಗಮನ ಕೊಡಬೇಕು. 6ರ ಆಳಕ್ಕೆ ನಿಮ್ಮ ಬ್ರಶ್ ಮುಟ್ಟುವುದಿಲ್ಲ. ಒಳಗೆ ಹಲ್ಲು ಹಿಡಿದ ಮೂಳೆ ಕರಗುತ್ತಾ ಹೋಗುತ್ತದೆ, ಕರಗಿದ್ದು ತಾನಾಗಿ ಬೆಳೆಯುವುದಿಲ್ಲ. ಹಲ್ಲು ಉದ್ದ ಕಾಣುತ್ತದೆ, ಬಾಯಿ ವಾಸನೆ ಬರುತ್ತದೆ, ಮೊದಲು ಸಿಗದ ಕಡೆ ಬಂಗುಡೆಯ ಚೂರು ಸಿಕ್ಕಿಕೊಳ್ಳುತ್ತದೆ. ಒಂದು ಹುಳುಕೂ ಇಲ್ಲದ ಹಲ್ಲು ಬಿದ್ದು ಹೋಗುವುದು ಹೀಗೆ.

"ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗ್ತದಂತೆ?" ಈ ಹೆದರಿಕೆ ಬಹಳ ಜನಕ್ಕಿದೆ. ಸಡಿಲ ಮೊದಲೇ ಆಗಿರುತ್ತದೆ, ಕಲ್ಲು ಅಂಟಿಕೊಂಡು ಅದನ್ನು ಮುಚ್ಚಿಟ್ಟಿರುತ್ತದೆ ಅಷ್ಟೇ. ಖರ್ಚಿನ ಚಿಂತೆ ಇದ್ದರೆ ಮಣಿಪಾಲ ಅಥವಾ ದೇರಳಕಟ್ಟೆಯ ಡೆಂಟಲ್ ಕಾಲೇಜುಗಳಲ್ಲಿ ವಿಚಾರಿಸಿ.

ಮನೆಯಲ್ಲಿ ಮೃದು ಬ್ರಶ್ಶನ್ನು ಒಸಡಿನ ಅಂಚಿಗೆ ಓರೆಯಾಗಿಟ್ಟು, ದಿನಕ್ಕೆ 2 ಸಲ, 2 ನಿಮಿಷ ಮೆಲ್ಲಗೆ ಆಡಿಸಿ. ರಕ್ತ ಬರುತ್ತದೆಂದು ಆ ಜಾಗವನ್ನು ಉಜ್ಜದೆ ಬಿಡಬೇಡಿ, ಅಲ್ಲೇ ಪಾಚಿ ಜಾಸ್ತಿ ಇರುವುದು. ಕಾಯಿಲೆ ಶುರುವಿನಲ್ಲಿದ್ದರೆ ಒಂದೆರಡು ವಾರದಲ್ಲಿ ರಕ್ತ ಕಡಿಮೆಯಾಗುತ್ತದೆ. ಆಗದಿದ್ದರೆ ತೋರಿಸಿ. ಉಮಿಕರಿ ಹಾಕಿ ತಿಕ್ಕುವ ಅಜ್ಜಂದಿರ ಹಲ್ಲು ಬೆಳ್ಳಗಿರಬಹುದು, ಆದರೆ ಬುಡ ಸವೆದಿರುವುದನ್ನೂ ನೋಡಿದ್ದೇನೆ.

ಬೀಡಿ, ಸಿಗರೇಟು ಸೇದುವವರು ರಕ್ತವೇ ಬರುವುದಿಲ್ಲ ಅಂತ ಖುಷಿಪಡಬೇಡಿ, ಹೊಗೆ ಆ ಲಕ್ಷಣವನ್ನೇ ಅಡಗಿಸುತ್ತದೆ. ಶುಗರ್ ಇದ್ದವರಿಗೆ ಒಸಡು ಬೇಗ ಕೆಡುತ್ತದೆ, ಒಸಡು ಕೆಟ್ಟರೆ ಶುಗರ್ ಹಿಡಿತಕ್ಕೆ ಬರುವುದೂ ಕಷ್ಟ. ಬರುವಾಗ ನೀವು ನುಂಗುವ ಮಾತ್ರೆಗಳ ಚೀಟಿ ತನ್ನಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ.