ಹಳೇ ಬಿಲ್ಲಿಗೆ ಹೊಸ ಹೆದೆ: ದೊಡ್ಡಪ್ಪನ ಗ್ರಿಜ್ಲಿಯನ್ನು ದಾರಿಗೆ ತಂದ ಬಗೆ

ಬೆಂಗಳೂರಿನ ಶ್ರೀನಗರದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಬೀರುವಿನ ಹಿಂದೆ ಒಂದು ಬಿಲ್ಲು ಗೋಡೆಗೆ ಒರಗಿಕೊಂಡು ನಲವತ್ತು ವರ್ಷ ನಿಂತಿತ್ತು. ದೊಡ್ಡಪ್ಪ ಮಿಶಿಗನ್‌ನಲ್ಲಿ ಕೆಲಸದಲ್ಲಿದ್ದಾಗ ತಗೊಂಡಿದ್ದು. "ನೀನೇ ತಗೊಂಡು ಹೋಗಪ್ಪ, ಧೂಳು ಒರೆಸಿ ಒರೆಸಿ ಸಾಕಾಗಿದೆ" ಅಂತ ದೊಡ್ಡಮ್ಮ ಕೊಟ್ಟರು. ನಾನು ಐಟಿಐನಲ್ಲಿ ಫಿಟ್ಟರ್ ಹುಡುಗರಿಗೆ ಪಾಠ ಮಾಡಿ ರಿಟೈರ್ ಆದವನು. ಅಳತೆ ತೆಗೆಯದೆ ಯಾವುದನ್ನೂ ಮುಟ್ಟುವ ಅಭ್ಯಾಸ ಇಲ್ಲ. ಆದರೂ ಮೊದಲ ದಿನವೇ ಒಂದು ಎಡವಟ್ಟು ಮಾಡಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಬಿಲ್ಲಿನ ಮೇಲೆ ಬರೆದಿರುವುದನ್ನು ಓದಿ. ನಮ್ಮದು ಬೇರ್ ಕಂಪನಿಯ ಗ್ರಿಜ್ಲಿ. ಅದರ ಮೇಲೆ "ಕೆನಡಾ 1953" ಅಂತ ಇತ್ತು. ದೊಡ್ಡಮ್ಮ ಇದು 1953ರ ಬಿಲ್ಲು ಅಂತಲೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಅದು ತಯಾರಾದ ವರ್ಷ ಅಲ್ಲ, ಪೇಟೆಂಟ್ ವರ್ಷ. ಗ್ರೇಲಿಂಗ್, ಮಿಶಿಗನ್ ಅಂತಲೂ ಬರೆದಿದೆ. ಫ್ರೆಡ್ ಬೇರ್ ಅವರ ಕಂಪನಿ 1978ರಲ್ಲಿ ಫ್ಲೋರಿಡಾದ ಗೇನ್ಸ್‌ವಿಲ್‌ಗೆ ಹೋಯಿತು, ಹಾಗಾಗಿ ಗ್ರೇಲಿಂಗ್ ಅಂತ ಇದ್ದರೆ ಅದಕ್ಕಿಂತ ಮೊದಲಿನದು. 58 ಅಂದರೆ ಬಿಲ್ಲಿನ ಉದ್ದ, ಇಂಚಿನಲ್ಲಿ. 45ರ ಪಕ್ಕ ಒಂದು ಹ್ಯಾಶ್ ಗುರುತು ಇತ್ತು. ಅದು ಪೌಂಡ್ ಗುರುತು. 28 ಇಂಚು ಎಳೆದಾಗ 45 ಪೌಂಡ್ ಬಲ ಬೇಕು ಅಂತ ಅರ್ಥ, ಸುಮಾರು 20 ಕೆಜಿ.

ಎರಡನೆಯದು ತಪಾಸಣೆ, ಹೆದೆ ಇಲ್ಲದೆಯೇ. ಒಂದು ಹತ್ತಿ ಉಂಡೆ ತಗೊಂಡು ಎರಡೂ ರೆಕ್ಕೆಗಳ ಅಂಚಿನುದ್ದಕ್ಕೂ ಮೆಲ್ಲಗೆ ಎಳೆಯಿರಿ (ಲಿಂಬ್ ಅನ್ನುವುದನ್ನು ನಾನು ರೆಕ್ಕೆ ಅಂತಲೇ ಕರೆಯುತ್ತೇನೆ). ಎಳೆ ಸಿಕ್ಕಿಹಾಕಿಕೊಂಡ ಕಡೆ ನಿಲ್ಲಿ, ಭೂತಗನ್ನಡಿ ಹಿಡಿದು ನೋಡಿ. ಫೈಬರ್‌ಗ್ಲಾಸ್ ಒಳಗೆ ಉದ್ದುದ್ದಕ್ಕೆ ಕೂದಲಿನಂಥ ಗೆರೆ ಕಂಡರೆ ಗಾಬರಿ ಬೇಡ, ಈ ವಯಸ್ಸಿನ ಬಿಲ್ಲುಗಳಲ್ಲಿ ಅದು ಮಾಮೂಲು. ಅಡ್ಡಕ್ಕೆ ಗೆರೆ ಇದ್ದರೆ, ಅಥವಾ ಮರ ಮತ್ತು ಗ್ಲಾಸ್ ನಡುವೆ ಉಗುರು ತೂರುವಷ್ಟು ಬಿರುಕು ಇದ್ದರೆ, ಗೋಡೆಗೆ ಮೊಳೆ ಹೊಡೆದು ಅಂದಕ್ಕೆ ತೂಗುಹಾಕಿ. ಎಳೆಯಬೇಡಿ. ಒಡೆದ ಚೂರು ಬಂದು ಬಡಿಯುವುದು ಮುಖಕ್ಕೇ.

ಈಗ ನನ್ನ ಎಡವಟ್ಟು. ಬಿಲ್ಲಿನ ನಡುವೆ ಕಾಲು ತೂರಿಸಿ, ತೊಡೆಗೆ ಒತ್ತಿ ಬಗ್ಗಿಸಿ ಹೆದೆ ಏರಿಸುವುದನ್ನು ಎಲ್ಲೋ ನೋಡಿದ್ದೆ, ನಾನೂ ಹಾಗೇ ಮಾಡಿದೆ. ಮೂಲೆಯಲ್ಲಿ ನಿಂತು ನಿಂತು ಕೆಳಗಿನ ರೆಕ್ಕೆ ಮೊದಲೇ ಸ್ವಲ್ಪ ತಿರುಚಿತ್ತು. ಉಳಿದದ್ದನ್ನು ನಾನು ಪೂರ್ತಿ ಮಾಡಿದೆ. ಹೆದೆ ತುದಿಯ ಕಚ್ಚಿನಲ್ಲಿ ಕೂರದೆ ಪಕ್ಕಕ್ಕೆ ಜಾರಿತು. ಸರಿಮಾಡಲು ಒಂದು ವಾರ ಹಿಡಿಯಿತು. ಮಗಳ ಹೇರ್ ಡ್ರೈಯರ್‌ನಿಂದ ಒಂದು ಗೇಣು ದೂರದಲ್ಲಿ ಬಿಸಿ ಹಿಡಿಯುವುದು, ಮುಟ್ಟಿದರೆ ಬೆಚ್ಚಗೆ ಅನ್ನಿಸುವಷ್ಟು ಮಾತ್ರ. ಆಮೇಲೆ ತಿರುಚಿದ ಕಡೆಗೆ ಎದುರಾಗಿ, ನೇರಕ್ಕಿಂತ ಒಂದಿಷ್ಟು ಜಾಸ್ತಿಯೇ ತಿರುಗಿಸಿ, ಆರುವವರೆಗೂ ಹಿಡಿದುಕೊಂಡಿರುವುದು. ದಿನಾ ಎರಡು ಸಲ. ಆರನೇ ದಿನಕ್ಕೆ ಹೆದೆ ನಡುಗೆರೆಗೆ ಬಂತು.

ಆದ್ದರಿಂದ ಸ್ಟ್ರಿಂಗರ್ (ಹೆದೆ ಏರಿಸಲು ಬಳಸುವ ಹಗ್ಗ) ಇಲ್ಲದೆ ಹೆದೆ ಏರಿಸಬೇಡಿ. ದುಬಾರಿ ಏನಲ್ಲ. ನಾನು ನೈಲಾನ್ ಹಗ್ಗ ತಗೊಂಡು, ಬಸ್ ಸ್ಟಾಪ್ ಹತ್ತಿರ ಚಪ್ಪಲಿ ಹೊಲಿಯುವವರ ಹತ್ತಿರ ಎರಡು ಚರ್ಮದ ಟೊಪ್ಪಿ ಹೊಲಿಸಿಕೊಂಡೆ. ಕೆಳತುದಿಗೆ ಆಳದ ಟೊಪ್ಪಿ, ಮೇಲಿನ ರೆಕ್ಕೆಗೆ ಅಗಲದ್ದು. ಹಗ್ಗದ ನಡುವೆ ಕಾಲಿಟ್ಟು ಹಿಡಿಯನ್ನು ಮೇಲಕ್ಕೆ ಎತ್ತಿದರೆ ಎರಡೂ ರೆಕ್ಕೆ ಸಮನಾಗಿ ಬಗ್ಗುತ್ತವೆ. ಆಗ ಹೆದೆಯ ಮೇಲಿನ ಕುಣಿಕೆಯನ್ನು ಸುಮ್ನೆ ಜಾರಿಸಿ ಕೂರಿಸುವುದು, ಅಷ್ಟೆ. ಇಳಿಸುವಾಗಲೂ ಹೀಗೇ.

ಹೆದೆಯ ವಿಷಯದಲ್ಲಿ ಮೋಸ ಹೋಗಬೇಡಿ. ಒಂದು ಅಂಗಡಿಯವರು ನನಗೆ "ಇದು ಎಲ್ಲಕ್ಕಿಂತ ಫಾಸ್ಟ್ ಸಾರ್" ಅಂತ ಹೊಸ ಕಾಲದ, ಹಿಗ್ಗದ ನೂಲಿನ ಹೆದೆ ಕೊಡಲು ಬಂದರು. ಅದು ಹೊಸ ಬಿಲ್ಲಿಗೆ ಸರಿ. ಹಳೇ ಬಿಲ್ಲಿನ ತುದಿಗಳನ್ನು ಆ ಏಟು ತಡೆಯುವ ಹಾಗೆ ಮಾಡಿರುವುದಿಲ್ಲ. ಅದಕ್ಕೆ ಡೇಕ್ರಾನ್ (ಒಂದು ಬಗೆಯ ಪಾಲಿಯೆಸ್ಟರ್ ನೂಲು) ಹೆದೆಯೇ ಬೇಕು. ಡೇಕ್ರಾನ್ ಸ್ವಲ್ಪ ಹಿಗ್ಗುತ್ತದೆ, ಏಟನ್ನು ತಾನು ನುಂಗುತ್ತದೆ. 58 ಇಂಚಿನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿರುವ) ಬಿಲ್ಲಿಗೆ ಹೆದೆ ಸುಮಾರು 54 ಇಂಚು, ನನ್ನದು 14 ಎಳೆ. ಚಿಕ್ಕಪೇಟೆಯ ಗ್ರಂದಿಗೆ ಅಂಗಡಿಯಲ್ಲಿ ಜೇನುಮೇಣ ಸಿಗುತ್ತದೆ. ಅದನ್ನು ಹೆದೆಗೆ ಹಚ್ಚಿ ಬೆರಳಲ್ಲಿ ಬಿಸಿಯಾಗುವಂತೆ ಉಜ್ಜಿ. ಮೊದಲ ಐವತ್ತು-ನೂರು ಬಾಣ ಬಿಡುವವರೆಗೂ ಹೊಸ ಹೆದೆ ಹಿಗ್ಗುತ್ತಲೇ ಇರುತ್ತದೆ, ಅಲ್ಲಿವರೆಗೆ ಯಾವ ಅಳತೆಯನ್ನೂ ನಂಬಬೇಡಿ.

ಆಮೇಲೆ ಬ್ರೇಸ್ ಹೈಟ್. ಹಿಡಿಯ ಒಳಗಿನ ಆಳದಿಂದ ಹೆದೆವರೆಗಿನ ದೂರ ಅದು. ನಾನು ಏಳೂವರೆ ಇಂಚಿನಿಂದ ಶುರು ಮಾಡಿದೆ. ಹೆದೆಗೆ ಮೂರು ನಾಲ್ಕು ಸುತ್ತು ಹುರಿ ಕೊಟ್ಟರೆ ಸ್ವಲ್ಪ ಏರುತ್ತದೆ. ಏರಿಸುವುದು, ಆರು ಬಾಣ ಬಿಡುವುದು, ಕಿವಿ ಕೊಡುವುದು. ಕಡಿಮೆ ಇದ್ದಾಗ ಹಿಡಿ ಕೈಯಲ್ಲಿ ಜುಂ ಅನ್ನುತ್ತದೆ, ಹೆದೆ ಟಣ್ ಅನ್ನುತ್ತದೆ. ಏರುತ್ತಾ ಹೋದಂತೆ ಒಂದು ಕಡೆ ಸದ್ದು ಮೆತ್ತಗಾಗಿ "ತಪ್" ಅಂತ ಬರುತ್ತದೆ. ನಮ್ಮ ಗ್ರಿಜ್ಲಿಗೆ ಅದು ಎಂಟು ಇಂಚಿಗೆ ಒಂದು ಕೂದಲೆಳೆಯಷ್ಟು ಕಮ್ಮಿ ಇರುವಾಗ ಬಂತು. ಲೇತ್ ಮುಂದೆ ನಿಂತವರಿಗೆ ಈ ಸದ್ದು ಹಿಡಿಯುವುದು ಕಷ್ಟ ಅಲ್ಲ. ಟೂಲ್ ಸರಿಯಾಗಿ ಕಡಿಯುತ್ತಿದೆಯಾ ಅಂತ ಕಿವಿಯೇ ಮೊದಲು ಹೇಳುತ್ತದೆ ಅಲ್ವಾ?

ಬಿಲ್ಲಿನ ಮೇಲೆ 45 ಅಂತ ಇದೆ ಅಂದ ಮಾತ್ರಕ್ಕೆ ನೀವು 45 ಎಳೆಯುತ್ತಿಲ್ಲ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ ನಿಮ್ಮ ಎಳೆತದವರೆಗೆ ಎಳೆದು ನೋಡಿ. ನಾನು ಎಳೆಯುವುದು 26 ಇಂಚು, ತಕ್ಕಡಿ 18 ಕೆಜಿ ತೋರಿಸಿತು. ಅಂದರೆ ಹತ್ತಿರ ಹತ್ತಿರ 40 ಪೌಂಡ್. ಬಾಣ ಆರಿಸಬೇಕಾದದ್ದು ಈ 40ಕ್ಕೆ.

ಬಾಣದ ಮೇಲೆ 500, 600, 700 ಅಂತ ನಂಬರ್ ಇರುತ್ತದೆ, ಅದು ಬಾಗುವಿಕೆಯ ಲೆಕ್ಕ. ನಂಬರ್ ಜಾಸ್ತಿಯಾದಷ್ಟೂ ಬಾಣ ಮೆದು. ಹಳೇ ಬಿಲ್ಲಿನಲ್ಲಿ ಬಾಣ ಹಿಡಿಯನ್ನು ಸುತ್ತುಬಳಸಿ ಹೋಗಬೇಕು. ಬಿಟ್ಟ ಕೂಡಲೇ ಮೀನಿನ ಹಾಗೆ ಬಳುಕುತ್ತದೆ. ಆ ಬಳುಕು ಬಿಲ್ಲಿಗೆ ಹೊಂದದಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ದಂಡ. ನಂಬರನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಹಲಗೆಗೆ 28 ಇಂಚು ಅಂತರದಲ್ಲಿ ಎರಡು ಮೊಳೆ ಹೊಡೆದು ಬಾಣದ ಕಡ್ಡಿಯನ್ನು ಮಲಗಿಸಿ. ಒಂದು ಬಾಟಲಿಗೆ ನೀರು ತುಂಬಿ, ಅಡುಗೆಮನೆ ತಕ್ಕಡಿಯಲ್ಲಿ ಬಾಟಲಿ ಸಮೇತ 880 ಗ್ರಾಂ ಆಗುವಂತೆ ಮಾಡಿ, ಕಡ್ಡಿಯ ಮಧ್ಯಕ್ಕೆ ತೂಗುಹಾಕಿ. 600 ನಂಬರ್ ಕಡ್ಡಿ 15.2 ಮಿಲಿಮೀಟರ್ ಬಗ್ಗಬೇಕು. ನನ್ನ ಆರು ಕಾರ್ಬನ್ ಬಾಣಗಳಲ್ಲಿ ಐದು 15.5ರ ಆಸುಪಾಸು ಬಂದವು. ಆರನೆಯದು 17.9. ಅದು 700ರ ಬಾಣ, ಕಟ್ಟಿನಲ್ಲಿ ಸೇರಿಕೊಂಡಿತ್ತು. ಎರಡು ವಾರ ನಾನು ನನ್ನ ಕೈಯನ್ನೇ ಬೈದುಕೊಂಡಿದ್ದೆ.

ತೀರಾ ಹಗುರ ಬಾಣ ಬೇಡ. ಪೌಂಡಿಗೆ 10 ಗ್ರೇನ್ ಲೆಕ್ಕ ಹಿಡಿದರೆ 40 ಪೌಂಡಿಗೆ 400 ಗ್ರೇನ್, ಅಂದರೆ 26 ಗ್ರಾಂ. ತೂಗಿಕೊಟ್ಟವರು ನಮ್ಮ ಬೀದಿಯ ಅಕ್ಕಸಾಲಿಗರು. ಬಾಣವೇ ಇಲ್ಲದೆ ಹೆದೆ ಎಳೆದು ಬಿಡುವುದಂತೂ ಕೂಡದು. ಮನೆಗೆ ಬಂದ ನೆಂಟರ ಮಕ್ಕಳು ಮೊದಲು ಮಾಡುವುದೇ ಅದನ್ನು. ಗರಿ ನಿಜವಾದ ಹಕ್ಕಿ ಗರಿಯೇ ಇರಲಿ. ಪ್ಲಾಸ್ಟಿಕ್ ಆದರೆ ಮೆಟ್ಟಿಲಿಗೆ ತಾಗಿ ಬಾಣ ಒದೆಸಿಕೊಳ್ಳುತ್ತದೆ.

ಮೆಟ್ಟಿಲು ಅಂದರೆ ಬಾಣ ಕೂರುವ ಜಾಗ. ಅದಕ್ಕೆ ತೆಳು ಚರ್ಮ ಅಂಟಿಸಿ, ಹಿಡಿಯ ಅತಿ ಆಳದ ಭಾಗದ ನೇರಕ್ಕೆ ಚರ್ಮದ ಕೆಳಗೆ ಒಂದು ಬೆಂಕಿಕಡ್ಡಿ ತುಂಡು ಇಡಿ. ಬಾಣ ಆಗ ಆ ಒಂದೇ ಉಬ್ಬಿನ ಮೇಲೆ ಕೂರುತ್ತದೆ. ಇಷ್ಟು ಚಿಕ್ಕ ಕೆಲಸಕ್ಕೆ ಇಷ್ಟು ಲಾಭ ಬೇರೆ ಯಾವುದರಲ್ಲೂ ನಾನು ಕಾಣಲಿಲ್ಲ.

ಇನ್ನು ಬಿಡುವುದು. ಟೆರೇಸ್ ಮೇಲೆ ಬೇಡವೇ ಬೇಡ. ಕನಕಪುರ ರಸ್ತೆಯಲ್ಲಿ ಕಗ್ಗಲೀಪುರದ ಆಚೆ ಭಾವಮೈದನ ತೋಟ ಇದೆ, ಹಿಂದೆ ಆಳೆತ್ತರದ ಮಣ್ಣಿನ ದಿಬ್ಬ. ಅದರ ಮುಂದೆ ಗೋಣಿಚೀಲದ ಒಳಗೆ ಟೈಲರ್ ಅಂಗಡಿಯ ಚಿಂದಿ ಗಿಡಿದು ಗುರಿ ಮಾಡಿದ್ದೇನೆ. ಬಾಣ ಎರಡು ಬೆರಳಲ್ಲಿ ಎಳೆದರೆ ಬರುತ್ತದೆ. ತೆಂಗಿನಕಾಯಿ ಕೀಳುವವರು ಬಂದ ದಿನ ಬಿಲ್ಲು ಚೀಲದಿಂದ ಈಚೆ ಬರುವುದಿಲ್ಲ.

ಬಿಲ್ಲನ್ನು ಸ್ವಲ್ಪ ಬಲಕ್ಕೆ ವಾಲಿಸಿ. ಬಾಣದ ಮೇಲೊಂದು, ಕೆಳಗೆರಡು ಬೆರಳು. ನಡುಬೆರಳು ಬಾಯಿಯ ಮೂಲೆಗೆ ತಾಗಬೇಕು, ಪ್ರತಿ ಸಲ ಅದೇ ಜಾಗಕ್ಕೆ. ಬೆರಳು ಬಿಚ್ಚಲು ಹೋಗಬೇಡಿ. ಬೆನ್ನಿನಿಂದ ಎಳೆಯುತ್ತಾ ಇರಿ, ಬೆರಳು ಸಡಿಲವಾದರೆ ಹೆದೆ ತಾನೇ ಹೊರಡುತ್ತದೆ. ಉಳಿದದ್ದು ಬರೆದು ಕಲಿಸುವಂಥದ್ದಲ್ಲ.

ಹೊಂದಾಣಿಕೆಯ ನಿಜವಾದ ಪರೀಕ್ಷೆ ಬೋಳು ಬಾಣ. ಮೂರು ಬಾಣಕ್ಕೆ ಗರಿ ಇರಲಿ, ಎರಡಕ್ಕೆ ಬೇಡ. ಹನ್ನೆರಡು ಮೀಟರಿನಿಂದ ಬಿಡಿ. ಮೊದಲು ಮೇಲೆ-ಕೆಳಗೆ ನೋಡಿ, ಎಡ-ಬಲ ಆಮೇಲೆ. ಬೋಳು ಬಾಣ ಗರಿ ಬಾಣಕ್ಕಿಂತ ಕೆಳಗೆ ಬಿದ್ದರೆ ಹೆದೆಯ ಮೇಲಿನ ಗಂಟು (ಬಾಣದ ಹಿಂತುದಿ ಕೂರುವ ಜಾಗದ ಗುರುತು) ಎತ್ತರದಲ್ಲಿದೆ, ಮೇಲೆ ಬಿದ್ದರೆ ಗಂಟು ತಗ್ಗಿನಲ್ಲಿದೆ. ಗಂಟು ತೀರಾ ತಗ್ಗಿದ್ದರೆ ಬಾಣ ಮೆಟ್ಟಿಲಿಗೆ ಬಡಿದು ಪುಟಿದು ಸುಳ್ಳು ಹೇಳುತ್ತದೆ, ಅದಕ್ಕೆ ಬೇಕೆಂದೇ ಎತ್ತರದಿಂದ ಶುರು ಮಾಡಿ. ನಾನು ಮೆಟ್ಟಿಲಿನಿಂದ ಹೆದೆಗೆ ಮೂಲೆಮಟ್ಟ ಹಿಡಿದ ಗೆರೆಗಿಂತ 16 ಮಿಲಿಮೀಟರ್ ಮೇಲೆ ಕಟ್ಟಿದೆ. ಗಂಟು ದಾರದ್ದು, ಹೆದೆಯ ಸುತ್ತಿನ ಮೇಲೆ ನಟ್ಟಿನ ಹಾಗೆ ತಿರುಗುತ್ತಾ ಇಳಿಯುತ್ತದೆ. 13ಕ್ಕೆ ಬಂದಾಗ ಐದೂ ಬಾಣ ಒಂದೇ ಎತ್ತರಕ್ಕೆ ನಿಂತವು.

ಆದರೆ ಬೋಳು ಬಾಣ ಇನ್ನೂ ಒಂದು ಗೇಣು ಎಡಕ್ಕೆ ಬೀಳುತ್ತಿತ್ತು. ಬಲಗೈಯಲ್ಲಿ ಎಳೆಯುವವರಿಗೆ ಎಡ ಅಂದರೆ ಬಾಣ ಬಿರುಸು, ಬಲ ಅಂದರೆ ಮೆದು. ಬಿರುಸಾದರೆ ಮೊನೆಯ ತೂಕ ಹೆಚ್ಚಿಸಿ, ಮೆದುವಾದರೆ ಕಡ್ಡಿಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ. 100 ಗ್ರೇನ್ ಮೊನೆ ತೆಗೆದು 125 ಹಾಕಿದೆ. ಗೇಣು ಹೋಗಿ ನಾಲ್ಕು ಬೆರಳಿಗೆ ಬಂತು. ಇನ್ನೂ ಭಾರದ ಮೊನೆಗೆ ಆರ್ಡರ್ ಮಾಡೋಣ ಅಂತಿದ್ದೆ, ಅಷ್ಟರಲ್ಲಿ ಬಾಣದ ಪಕ್ಕಕ್ಕೆ ತಾಗುವ ಚರ್ಮದ ತುಂಡು ನೆನಪಾಯಿತು. ಹಳೇ ಬೂಟಿನದು, ಎರಡು ಮಿಲಿಮೀಟರ್ ದಪ್ಪ. ಅದನ್ನು ಕಿತ್ತು ಪರ್ಸಿನ ತೆಳು ಚರ್ಮ ಅಂಟಿಸಿದೆ. ಮುಂದಿನ ಸರದಿಯಲ್ಲಿ ಬೋಳು ಬಾಣ ಗರಿ ಬಾಣಕ್ಕೆ ಉಜ್ಜಿಕೊಂಡೇ ನೆಟ್ಟಿತು, ಒಂದು ಗರಿ ಹರಿದೂ ಹೋಯಿತು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನೋಟ್‌ಬುಕ್‌ನಲ್ಲಿ ಬರೆಯಿರಿ. ಬಿಲ್ಲಿನ ಮರವನ್ನು ಮಾತ್ರ ಉಜ್ಜಬೇಡಿ, ಕೆತ್ತಬೇಡಿ. ಹೆದೆ, ಗಂಟು, ಚರ್ಮ, ಬಾಣ ಇವೆಲ್ಲ ನಾಳೆ ಬದಲಾಯಿಸಬಹುದು, ಮರ ಹಾಗಲ್ಲ. ಮುಗಿದ ಮೇಲೆ ಹೆದೆ ಇಳಿಸಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ, ಆ ಕಾವಿಗೆ ಅಂಟು ಬಿಡುತ್ತದೆ. ನಮ್ಮದು ಈಗ ಹಾಲ್‌ನಲ್ಲಿ ಎರಡು ಮರದ ಗೂಟಗಳ ಮೇಲೆ ಅಡ್ಡಲಾಗಿ ಮಲಗಿದೆ. ಧೂಳು ಒರೆಸುವ ಕೆಲಸ ಈಗ ನನ್ನದು.