ಏರಲ್ಲಿ ಜರ್ಕ್ ಹೊಡೀತಿದ್ದ ಹಳೇ ಮಾರುತಿ 800: ನಾನು ಕಾರಣ ಹುಡುಕಿದ್ದು ಹೀಗೆ

ನಮ್ಮನೇಲಿರೋದು 1997ರ ಮಾರುತಿ 800, ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸೋ ಭಾಗ) ಇರೋ ಮಾಡೆಲ್ಲು, ಮೂರು ಸಿಲಿಂಡರು, 796 ಸಿಸಿ. ಎರಡು ತೊಂದ್ರೆ ಒಟ್ಟಿಗೇ ಇತ್ತು. ಸಿಗ್ನಲ್ಲಲ್ಲಿ ನಿಂತ್ರೆ ಇಂಜಿನ್ ಗಡಗಡ ನಡುಗೋದು. ಗುಂಡ್ಯ ದಾಟಿ ಶಿರಾಡಿ ಏರು ಶುರುವಾಯ್ತು ಅಂದ್ರೆ ಮೂರನೇ ಗೇರಲ್ಲಿ ಎಳೀತಾ ಎಳೀತಾ ಯಾರೋ ಹಿಂದಿಂದ ಹಿಡಿದು ಜಗ್ಗಿದ ಹಾಗೆ ಜರ್ಕು. ಗ್ಯಾರೇಜಲ್ಲಿ ಕೇಳಿದ್ರೆ ಕಾರ್ಬೊರೇಟರೇ ಹೋಗಿದೆ, ಹೊಸದು ಹಾಕ್ಸಿ ಅಂದ್ರು. ಬಿಚ್ಚಿ ನೋಡ್ದೇ ಹಂಗೆ ಹೇಳೋದು ನಂಗೆ ಒಪ್ಪಿಗೆ ಆಗ್ಲಿಲ್ಲ, ಯಾಕಂದ್ರೆ ನಿಂತಾಗ ಆಗೋದೂ ಏರಲ್ಲಿ ಆಗೋದೂ ಒಂದೇ ಕಾರಣಕ್ಕೆ ಅಂತ ಏನು ಗ್ಯಾರಂಟಿ?

ಮೊದ್ಲು ನಿಂತಾಗಿನ ನಡುಕ ಹಿಡ್ಕೊಂಡೆ. ಇಂಜಿನ್ ಓಡ್ತಿರೋವಾಗ್ಲೇ ಸ್ಪಾರ್ಕ್ ಪ್ಲಗ್ಗಿಗೆ, ಅಂದ್ರೆ ಸಿಲಿಂಡರೊಳಗೆ ಕಿಡಿ ಹೊತ್ತಿಸೋದಕ್ಕೆ, ಹೋಗೋ ವೈರ್ ಒಂದೊಂದಾಗಿ ತೆಗೆದು ನೋಡೋದು (ಬರೀ ಕೈಲಿ ಬೇಡ, ಜೋರು ಶಾಕ್ ಹೊಡಿಯುತ್ತೆ, ಒಳ್ಳೆ ಇನ್ಸುಲೇಷನ್ ಇರೋ ಕಟಿಂಗ್ ಪ್ಲೇಯರ್ ಬೇಕು). ಕೆಲಸ ಮಾಡ್ತಿರೋ ಸಿಲಿಂಡರ್ ವೈರ್ ತೆಗೆದ್ರೆ ಇಂಜಿನ್ ಇನ್ನೂ ಕುಗ್ಗುತ್ತೆ, ಸತ್ತಿರೋದರದ್ದು ತೆಗೆದ್ರೆ ಏನೂ ವ್ಯತ್ಯಾಸ ಗೊತ್ತಾಗಲ್ಲ. ಎರಡನೇದು ತೆಗೆದಾಗ ಏನೂ ಆಗ್ಲಿಲ್ಲ. ಆ ಪ್ಲಗ್ ಬಿಚ್ಚಿದ್ರೆ ಕಪ್ಪಗೆ, ಪೆಟ್ರೋಲಲ್ಲಿ ಒದ್ದೆಯಾಗಿತ್ತು. ಅದನ್ನ ಪಕ್ಕದ ಸಿಲಿಂಡರಿಗೆ ಹಾಕಿ ಅಲ್ಲಿದ್ದನ್ನ ಇಲ್ಲಿಗೆ ಹಾಕಿದೆ, ಮಿಸ್ಸಿಂಗ್ (ಸಿಲಿಂಡರ್ ಕೆಲಸ ಮಾಡ್ದೇ ಇರೋದು) ಮಾತ್ರ ಎರಡನೇದ್ರಲ್ಲೇ ಉಳೀತು, ಅಂದ್ರೆ ಪ್ಲಗ್ ಸರಿ ಇದೆ. ಮಲ್ಟಿಮೀಟರಲ್ಲಿ ವೈರ್ ಚೆಕ್ ಮಾಡ್ದಾಗ ಎರಡು ವೈರು ಕಿಲೋ ಓಮ್ ಲೆಕ್ಕದಲ್ಲಿ ಸ್ಥಿರವಾಗಿ ತೋರಿಸ್ತು, ಎರಡನೇದು ಸ್ವಲ್ಪ ಬಗ್ಗಿಸಿದ್ರೆ ಸಾಕು ರೀಡಿಂಗೇ ಇಲ್ಲ, ಒಳಗೆ ಕಟ್ ಆಗಿತ್ತು. ಹೊಸ ವೈರ್ ಸೆಟ್ ಹಾಕಿದ್ಮೇಲೆ ನಡುಕ ನಿಂತೋಯ್ತು.

ಆದ್ರೆ ಏರಲ್ಲಿ ಜರ್ಕ್ ಹಾಗೇ ಇತ್ತು. ಪ್ಲಗ್ ಬಿಚ್ಚಿದಾಗ ಇನ್ನೊಂದು ವಿಷ್ಯ ಕಂಡಿತ್ತು, ಚೆನ್ನಾಗಿದ್ದ ಎರಡು ಪ್ಲಗ್ಗಿನ ತುದಿ ಬಿಳಿಚಿಕೊಂಡಿತ್ತು, ಅದು ತಿಳಿ ಕಂದು ಬಣ್ಣ ಇರ್ಬೇಕು. ಬಿಳಿ ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಖಾತ್ರಿ ಮಾಡ್ಕೊಳ್ಳೋಕೆ ಏರಲ್ಲಿ ಜರ್ಕ್ ಹೊಡಿಯೋ ಹೊತ್ತಿಗೇ ಚೋಕ್ (ಗಾಳಿ ಕಮ್ಮಿ ಮಾಡಿ ಪೆಟ್ರೋಲ್ ಪಾಲು ಜಾಸ್ತಿ ಮಾಡೋದು) ಸ್ವಲ್ಪ ಎಳೆದೆ, ಗಾಡಿ ತಕ್ಷಣ ಎತ್ಕೊಳ್ತು! ಕೈಯಲ್ಲಿ ಎಳಿಯೋ ಚೋಕ್ ಇರೋ ಹಳೇ ಗಾಡಿಗಳಲ್ಲಿ ಇದಕ್ಕಿಂತ ಒಳ್ಳೆ, ಖರ್ಚಿಲ್ಲದ ಟೆಸ್ಟ್ ಇಲ್ಲ ಅಂತ ನನ್ನ ಅಭಿಪ್ರಾಯ.

ಆಮೇಲೆ ಕಾರ್ಬೊರೇಟರಿಗೆ ಬರೋ ಪೆಟ್ರೋಲ್ ಪೈಪ್ ಬಿಚ್ಚಿ ಬಾಟಲಿಗೆ ಬಿಟ್ಟು, ಕಿಡಿ ಬರ್ದೇ ಇರ್ಲಿ ಅಂತ ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲಿಗೆ ಹೋಗೋ ಸಣ್ಣ ವೈರ್ ತೆಗೆದು, ಇಂಜಿನ್ ತಣ್ಣಗಿದ್ದಾಗ ಸೆಲ್ಫ್ ಹೊಡೆಸಿದೆ. ಪೆಟ್ರೋಲ್ ಬಂತು, ಆದ್ರೆ ನಡುನಡುವೆ ಗುಳ್ಳೆ. ಗಾಡಿ ಕೆಳಗೆ ಎಲ್ಲೂ ಲೀಕಿಲ್ಲ, ವಾಸ್ನೆನೂ ಇಲ್ಲ, ಮತ್ತೆ ಗಾಳಿ ಎಲ್ಲಿಂದ? ಈ ಗಾಡೀಲಿ ಮೆಕ್ಯಾನಿಕಲ್ ಪಂಪು ಇಂಜಿನ್ ಪಕ್ಕ ಇರುತ್ತೆ, ಟ್ಯಾಂಕಿಂದ ಪೆಟ್ರೋಲನ್ನ ಹೀರ್ಕೊಳ್ಳುತ್ತೆ, ಹಾಗಾಗಿ ಪಂಪಿಗಿಂತ ಹಿಂದೆ ಪೈಪ್ ಬಿರುಕು ಬಿಟ್ರೆ ಪೆಟ್ರೋಲ್ ಹೊರಗೆ ಬರೋ ಬದ್ಲು ಗಾಳಿ ಒಳಗೆ ಹೋಗುತ್ತೆ. ಟ್ಯಾಂಕ್ ಹತ್ರದ ರಬ್ಬರ್ ಪೈಪು ಕ್ಲಾಂಪ್ ಕೆಳಗೆ ಸುತ್ತಲೂ ಸೀಳಿತ್ತು, ಮೇಲಿಂದ ನೋಡಿದ್ರೆ ಕಾಣ್ತಾನೇ ಇರ್ಲಿಲ್ಲ. ನಿಧಾನಕ್ಕೆ ಓಡ್ಸೋವಾಗ ಹೇಗೋ ಸಾಕಾಗ್ತಿತ್ತು, ಏರಲ್ಲಿ ಜಾಸ್ತಿ ಪೆಟ್ರೋಲ್ ಬೇಕಾದಾಗ ಫ್ಲೋಟ್ ಚೇಂಬರ್ (ಕಾರ್ಬೊರೇಟರಲ್ಲಿ ಪೆಟ್ರೋಲ್ ತುಂಬ್ಕೊಂಡಿರೋ ಸಣ್ಣ ಜಾಗ) ಖಾಲಿ ಆಗ್ತಿತ್ತು, ಅದೇ ಜರ್ಕು.

ಪೈಪ್ ತಗೊಳ್ಳೋವಾಗ ಎಥನಾಲ್ ತಡ್ಕೊಳ್ಳೋದೇ ಕೇಳಿ ತಗೊಳ್ಳಿ, ಈಗ ಬಂಕಲ್ಲಿ ಸಿಗೋದು 20% ಎಥನಾಲ್ ಬೆರೆಸಿದ ಪೆಟ್ರೋಲು, ಹಳೇ ರಬ್ಬರ್ ಅದ್ರಲ್ಲಿ ಬೇಗ ಹಾಳಾಗುತ್ತೆ. ಎಂಪಿಎಫ್ಐ ಗಾಡಿ (ಕಾರ್ಬೊರೇಟರ್ ಬದ್ಲು ಇಂಜೆಕ್ಟರಿಂದ ಪೆಟ್ರೋಲ್ ಚಿಮ್ಮಿಸೋದು) ಇರೋರು ಚೋಕ್ ಟೆಸ್ಟ್ ಮಾಡೋಕಾಗಲ್ಲ, ಅದ್ರಲ್ಲಿ ಪಂಪು ಟ್ಯಾಂಕ್ ಒಳಗೇ ಇರೋದ್ರಿಂದ ಪೈಪ್ ಸೀಳಿದ್ರೆ ಪೆಟ್ರೋಲ್ ಹೊರಗೇ ಚಿಮ್ಮುತ್ತೆ. ವೈರ್ ತೆಗೆದು ಓಡ್ಸೋದೂ ಬೇಡ, ಸುಡದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತೆ.