ಪಂಚಾಂಗ ಹಿಡಿದು ಎಸ್ಬ್ಯಾಟ್: ಇಂಗ್ಲೆಂಡಿನಲ್ಲಿ ಚಂದ್ರನ ಕೆಲಸಕ್ಕೆ ನನ್ನ ಲೆಕ್ಕ

ಎಸ್ಬ್ಯಾಟ್ ಎಂದರೆ ವಿಕ್ಕಾ ಎಂಬ ಪಾಶ್ಚಾತ್ಯ ಪ್ರಕೃತಿ ಆರಾಧನೆಯ ಪಂಥದವರು ಚಂದ್ರನ ಹಂತ ನೋಡಿ ಸೇರಿ ಮಾಡುವ ವಿಧಿ. ಆ ದಾರಿಯಲ್ಲಿದ್ದು ಪಂಚಾಂಗದ ಹೆಸರೆತ್ತಿದರೆ ಎರಡೂ ಕಡೆಯಿಂದ ತಕರಾರು ಬರುತ್ತದೆ. ಕೋವನ್‌ನವರು, ಅಂದರೆ ಒಟ್ಟಿಗೆ ವಿಧಿ ಮಾಡುವ ಗುಂಪಿನವರು, ಬೇರೆ ಪರಂಪರೆಯ ಸಾಮಾನು ಬೆರೆಸಬೇಡಿ ಅನ್ನುತ್ತಾರೆ, ಊರಿನವರು ಪಂಚಾಂಗ ಇರುವುದು ಇದಕ್ಕಲ್ಲ ಅನ್ನುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ: ತಿಥಿ ಎಂದರೆ ಸೂರ್ಯನಿಂದ ಚಂದ್ರ ಎಷ್ಟು ದೂರ ಸರಿದಿದ್ದಾನೆ ಎಂಬ ಅಳತೆ, 12 ಡಿಗ್ರಿಗೆ ಒಂದು ತಿಥಿ. ಡೈರಿಯಲ್ಲಿ ತಿಂಗಳಿಗೆ ನಾಲ್ಕು ಚಂದ್ರಬಿಂಬ ಅಚ್ಚಾಗಿರುತ್ತವೆ, ಪಂಚಾಂಗ ಮೂವತ್ತು ಮೆಟ್ಟಿಲು ಕೊಡುತ್ತದೆ. ಶೆಫೀಲ್ಡ್‌ನ ನಮ್ಮ ಕೋವನ್‌ನ ವರ್ಷದ ಪಟ್ಟಿ ಈಗ ಇದೇ ಲೆಕ್ಕದಿಂದ ತಯಾರಾಗುತ್ತದೆ. ಮೊದಲು ಬೇಡವೆಂದವರೇ ಜನವರಿ ಬರುವ ಮುಂಚೆ ಪಟ್ಟಿ ಕೇಳುತ್ತಾರೆ.

ಡೈರಿಯ ತೊಂದರೆ ಎಲ್ಲಿದೆ ಎಂಬುದಕ್ಕೆ 2025ರ ಜೂನ್ ಹುಣ್ಣಿಮೆ ನೋಡಿ. ಡೈರಿಗಳಲ್ಲೆಲ್ಲ ಜೂನ್ 11 ಎಂದಿತ್ತು. ಹನ್ನೊಂದರ ಸಂಜೆಗೆ ಎಲ್ಲರೂ ಸಿದ್ಧರಾದರು. ಆದರೆ ಪೂರ್ಣಬಿಂಬದ ಗಳಿಗೆ ಇದ್ದದ್ದು ಇಲ್ಲಿನ ಬೇಸಿಗೆ ಗಡಿಯಾರದಲ್ಲಿ ಬೆಳಿಗ್ಗೆ 8:44ಕ್ಕೆ. ಹತ್ತನೇ ತಾರೀಖಿನ ರಾತ್ರಿ ಚಂದ್ರ ದಕ್ಷಿಣದಲ್ಲಿ ತನ್ನ ಅತಿ ಎತ್ತರದ ಜಾಗಕ್ಕೆ ಬಂದದ್ದು ಸರಿಸುಮಾರು ಒಂದು ಗಂಟೆಗೆ, ಅಂದರೆ ಪೂರ್ಣತೆಗೆ ಏಳೆಂಟು ಗಂಟೆ ಬಾಕಿ. ಹನ್ನೊಂದರ ರಾತ್ರಿ ಅದೇ ಜಾಗಕ್ಕೆ ಬರುವಾಗ ಪೂರ್ಣತೆ ದಾಟಿ ಹದಿನೇಳು ಗಂಟೆ ಕಳೆದಿತ್ತು. ಗಂಟೆಗೆ ಅರ್ಧ ಡಿಗ್ರಿ ಜಾರಿದರೂ ಎಂಟು ಡಿಗ್ರಿಗೂ ಮೇಲೆ ಇಳಿದ ಚಂದ್ರ. ಡ್ರಾಯಿಂಗ್ ಡೌನ್ ದ ಮೂನ್, ಅಂದರೆ ಚಂದ್ರದೇವಿಯನ್ನು ಪ್ರೀಸ್ಟೆಸ್ (ವಿಧಿ ನಡೆಸುವ ಅರ್ಚಕಿ) ಮೈಮೇಲೆ ಇಳಿಸಿಕೊಳ್ಳುವ ವಿಧಿ, ಮಾಡುವವರು ಬೆಳೆದು ತುಂಬುತ್ತಿರುವ ಚಂದ್ರನನ್ನು ಇಳಿಸಿಕೊಳ್ಳಬೇಕೇ ಹೊರತು ಬಹುಳ ಪಾಡ್ಯದವನನ್ನಲ್ಲ. ಹತ್ತರ ರಾತ್ರಿಯೇ ಸರಿ. ಪಂಚಾಂಗದಲ್ಲಿ ಜೇಷ್ಠ ಹುಣ್ಣಿಮೆ 11ರ ಮಧ್ಯಾಹ್ನ 1:14ಕ್ಕೆ ಮುಗಿಯುತ್ತದೆ ಎಂದಿತ್ತು. ನಾಲ್ಕೂವರೆ ಗಂಟೆ ಕಳೆದರೆ ಮುಗಿಯಿತು.

ಲೆಕ್ಕದ ಕ್ರಮ ಹೀಗೆ. ಹುಣ್ಣಿಮೆ ತಿಥಿ ಮುಗಿಯುವ ಕ್ಷಣವೇ ಪೂರ್ಣಬಿಂಬ, ಅಮಾವಾಸ್ಯೆ ಮುಗಿಯುವ ಕ್ಷಣವೇ ಸೂರ್ಯ ಚಂದ್ರರ ಕೂಡುವಿಕೆ. ಅರ್ಧಚಂದ್ರ ಬೀಳುವುದು ಅಷ್ಟಮಿಯ ನಟ್ಟನಡುವೆ, ಕೊನೆಯಲ್ಲಲ್ಲ. ಈ ಗಳಿಗೆಗಳು ಭೂಮಿಯ ಮೇಲೆಲ್ಲ ಒಂದೇ, ಗಡಿಯಾರ ಮಾತ್ರ ಬೇರೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ ಕಳೆಯಿರಿ, ಉಳಿದ ತಿಂಗಳಲ್ಲಿ ಐದೂವರೆ. ತಾರೀಖು ಬದಲಾಗುವುದನ್ನು ಗಮನಿಸಿ: 2023ರ ಅಧಿಕ ಶ್ರಾವಣದ ಹುಣ್ಣಿಮೆ ಭಾರತದಲ್ಲಿ ಆಗಸ್ಟ್ 2ರ ಮಧ್ಯರಾತ್ರಿ 12:01ಕ್ಕೆ ಮುಗಿಯಿತು, ಇಲ್ಲಿ ಅದು ಆಗಸ್ಟ್ 1ರ ಸಂಜೆ 7:31. ಪಂಚಾಂಗದಲ್ಲಿ ಘಟಿ ವಿಘಟಿ ಇದ್ದರೆ ಮೊದಲು ಅದು ಮುದ್ರಣವಾದ ಊರಿನ ಸೂರ್ಯೋದಯ ಹಿಡಿದು, ಘಟಿಗೆ 24 ನಿಮಿಷದಂತೆ ಕೂಡಿಸಬೇಕು. ಬೆಂಗಳೂರಿನ ಸೂರ್ಯೋದಯ 5:54, ಹುಣ್ಣಿಮೆ 18 ಘಟಿ 20 ವಿಘಟಿ ಎಂದರೆ 440 ನಿಮಿಷ, ಅದೇ ಮಧ್ಯಾಹ್ನ 1:14. ರಾಹುಕಾಲ, ಸೂರ್ಯೋದಯದ ತಿಥಿ ಇವೆಲ್ಲ ಅಲ್ಲಿನ ಊರಿಗೆ ಸೇರಿದವು, ಇಲ್ಲಿಗೆ ತರಬೇಡಿ.

ದೃಗ್ಗಣಿತ ಪಂಚಾಂಗವೇ ಬೇಕು, ಅಂದರೆ ಆಕಾಶದಲ್ಲಿ ಕಾಣುವುದಕ್ಕೆ ತಾಳೆಯಾಗುವ ಗಣಿತದ್ದು. ಸೂರ್ಯಸಿದ್ಧಾಂತದ ಹಳೆಯ ಗಣಿತದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಹತ್ತಿರ ವ್ಯತ್ಯಾಸ ಕಡಿಮೆ, ಅಷ್ಟಮಿಯ ಸುತ್ತ ಗಂಟೆಗಟ್ಟಲೆ ಆಚೀಚೆ ಆಗುತ್ತದೆ. ಹುಣ್ಣಿಮೆಗೆ ತಾಳೆ ನೋಡಿ ಸರಿಯಿದೆ ಎಂದು ನಂಬಿ, ಅರ್ಧಚಂದ್ರದ ಕೆಲಸಕ್ಕೆ ಅದನ್ನೇ ಬಳಸಿದರೆ ಅಲ್ಲೇ ಕೆಡುತ್ತದೆ.

ಇನ್ನೊಂದು ಗುಂಡಿ ರಾಶಿಯದು. ಪಂಚಾಂಗದ್ದು ನಿರಯನ (ನಕ್ಷತ್ರಗಳಿಂದ ಎಣಿಸುವುದು), ವಿಕ್ಕನ್ ಪುಸ್ತಕಗಳದ್ದು ಸಾಯನ (ವಿಷುವ ಬಿಂದುವಿನಿಂದ ಎಣಿಸುವುದು), ನಡುವಿನ ಅಂತರ ಸುಮಾರು 24 ಡಿಗ್ರಿ, ಅದೇ ಅಯನಾಂಶ. ಪಂಚಾಂಗದಲ್ಲಿ ಚಂದ್ರ ಮೇಷದಲ್ಲಿದ್ದರೆ ಐದರಲ್ಲಿ ನಾಲ್ಕು ಪಾಲು ಹೊತ್ತು ಅವರ ಲೆಕ್ಕಕ್ಕೆ ವೃಷಭದಲ್ಲಿರುತ್ತಾನೆ. ಹಣಕಾಸಿಗಾಗಿ ಉರಿಸುವ ಮೋಂಬತ್ತಿಗೆ ವೃಷಭ ಚಂದ್ರ ಬೇಕೆಂದು ಪಂಚಾಂಗದ ವೃಷಭ ನೋಡಿ ಹಚ್ಚಿದರೆ ಅದು ಅವರ ಮಿಥುನಕ್ಕೆ ಬೀಳುವ ಸಂಭವವೇ ಹೆಚ್ಚು. ತಿಥಿಗೆ ಈ ಕಾಟವಿಲ್ಲ. ಸೂರ್ಯ ಚಂದ್ರ ಇಬ್ಬರಿಂದಲೂ ಅದೇ 24 ಕಳೆದರೆ ನಡುವಿನ ದೂರ ಹಾಗೇ ಉಳಿಯುತ್ತದೆ. ನನ್ನ ಪದ್ಧತಿ ಪೂರ್ತಿ ನಿಂತಿರುವುದು ಈ ಒಂದು ಅಂಶದ ಮೇಲೆ. ವಾದ ಮಾಡುವವರಿಗೆ ಇದನ್ನೇ ಕಾಗದದ ಮೇಲೆ ಕಳೆದು ತೋರಿಸಿ.

ವಿಕ್ಕಾದಲ್ಲಿ ಚಂದ್ರನ ಹಂತಗಳನ್ನು ದೇವಿಯ ಮೂರು ರೂಪವಾಗಿ ನೋಡುತ್ತೇವೆ: ಕನ್ಯೆ, ತಾಯಿ, ಮುದುಕಿ. ಅವನ್ನು ತಿಥಿಗೆ ಹೇಗೆ ಹೊಂದಿಸುತ್ತೇನೆ ಎಂಬುದಷ್ಟನ್ನು ಹೇಳುತ್ತೇನೆ. ಕನ್ಯೆಯ ಚಂದ್ರ, ಹೊಸ ಕೆಲಸದ ಬೀಜ, ಬಿದಿಗೆಯಿಂದ. ಪಾಡ್ಯದಂದು ಕಣ್ಣಿಗೆ ಏನೂ ಕಾಣುವುದಿಲ್ಲ, ಕಾಣದ್ದಕ್ಕೆ ಸ್ವಾಗತ ಹೇಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಸೆಳೆದುಕೊಳ್ಳುವ, ಬೆಳೆಸುವ ಕೆಲಸ ಪಂಚಮಿಯಿಂದ ತ್ರಯೋದಶಿ. ತಾಯಿಯ ಚಂದ್ರ, ಪೂಜೆ ಮತ್ತು ಸ್ಕ್ರೈಯಿಂಗ್ (ನೀರಿನಂಥ ಹೊಳೆಯುವ ಮೈಯನ್ನು ದಿಟ್ಟಿಸಿ ಕಾಣ್ಕೆ ಹುಡುಕುವುದು), ಶುದ್ಧ ಚತುರ್ದಶಿಯ ರಾತ್ರಿ ಮತ್ತು ಹುಣ್ಣಿಮೆ, ಇವೆರಡರಲ್ಲಿ ಗಳಿಗೆಗೆ ಹತ್ತಿರದ್ದು. ಬಿಡಿಸುವ, ಕಳೆಯುವ ಕೆಲಸ ಬಹುಳ ಷಷ್ಠಿಯಿಂದ ತ್ರಯೋದಶಿ. ಮುದುಕಿಯ ಚಂದ್ರ ಬಹುಳ ಚತುರ್ದಶಿ ಮತ್ತು ಅಮಾವಾಸ್ಯೆ. ಅಮಾವಾಸ್ಯೆಯಂದು ಉಪಕರಣ ತೊಳೆದು ಮುಚ್ಚಿಡುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಬಹುಳ ಅಷ್ಟಮಿಯಲ್ಲಿ ನಾವು ಆರಿಸುವ ಒಂದು ಗಳಿಗೆ ಇದೆ, ಅದು ಕೋವನ್‌ನೊಳಗಿನ ಮಾತು, ಇಲ್ಲಿ ಬರೆಯುವಂತಿಲ್ಲ.

ಬಿದಿಗೆಯ ಚಂದ್ರನಿಗೆ ಋತು ನೋಡಬೇಕು. 53 ಡಿಗ್ರಿ ಅಕ್ಷಾಂಶದಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸಂಜೆಯ ಕ್ರಾಂತಿವೃತ್ತ, ಅಂದರೆ ಆಕಾಶದಲ್ಲಿ ಸೂರ್ಯ ಸಾಗುವ ದಾರಿ, ನೆಟ್ಟಗಿರುತ್ತದೆ, ಬಿದಿಗೆಯ ಎಳೆ ಚೆನ್ನಾಗಿ ಕಾಣುತ್ತದೆ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಅದು ಮಲಗಿರುತ್ತದೆ, ತದಿಗೆಯವರೆಗೆ, ಕೆಲವೊಮ್ಮೆ ಚೌತಿಯವರೆಗೆ ಕಾಯಬೇಕು. ಆದರೆ ಭಾದ್ರಪದ ಚೌತಿಯ ಚಂದ್ರನನ್ನು ನೋಡಬಾರದೆಂದು ಬೆಳೆದ ನಮ್ಮಂಥವರಿಗೆ ಆ ದಿನ ಕೈ ಬರುವುದಿಲ್ಲ. ಆ ತಿಂಗಳು ನಾನು ಪಂಚಮಿಗೆ ಮಾಡುತ್ತೇನೆ. ಇಲ್ಲಿನವರು ಯಾರೂ ಬೇಡವೆಂದಿಲ್ಲ. ಬಹುಳದಲ್ಲಿ ಇದರ ತಿರುಗುಮುರುಗು: ಶರತ್ಕಾಲದ ಬೆಳಗಿನ ಜಾವ ತ್ರಯೋದಶಿಯ ಎಳೆ ಎತ್ತರದಲ್ಲಿ ಸ್ಪಷ್ಟವಾಗಿರುತ್ತದೆ. ಚಳಿಗಾಲದಲ್ಲಿ ಸೂರ್ಯ ಹುಟ್ಟುವುದೇ ಎಂಟರ ಮೇಲೆ, ಕೆಲಸಕ್ಕೆ ಹೋಗುವ ಮುಂಚೆ ಬಿಡಿಸುವ ವಿಧಿ ಮುಗಿಸಬಹುದು. ವಿಧಿಗೆ ಹಾಕಿದ ವೃತ್ತವನ್ನು ಅಪ್ರದಕ್ಷಿಣೆಯಾಗಿ ಬಿಚ್ಚುವಾಗ ಚಂದ್ರ ಕಣ್ಣೆದುರಿಗೇ ಇರುತ್ತಾನೆ.

ಎಲ್ಲಕ್ಕಿಂತ ಹೆಚ್ಚು ಹಣ ಪೋಲಾದದ್ದು ನೀರಿನಲ್ಲಿ ಚಂದ್ರನನ್ನು ಹಿಡಿಯುವ ಕೆಲಸಕ್ಕೆ. ಅಂಗಡಿಯ ಸ್ಕ್ರೈಯಿಂಗ್ ಬಟ್ಟಲು ಮೂವತ್ತು ನಲವತ್ತು ಪೌಂಡ್, ಆಳವಾಗಿ ಚೆಂದವಾಗಿರುತ್ತದೆ, ಡಿಸೆಂಬರ್‌ನಲ್ಲಿ ಕೆಲಸವೂ ಮಾಡುತ್ತದೆ. ಜೂನ್‌ನಲ್ಲಿ ನೀರು ಬರೀ ಕತ್ತಲು. ಕಾರಣ ಚಂದ್ರನ ಎತ್ತರ. ಬೇಸಿಗೆಯ ಹುಣ್ಣಿಮೆ ಚಂದ್ರ ಇಲ್ಲಿ ತಗ್ಗಿನಲ್ಲೇ ಓಡುತ್ತಾನೆ, ಚಂದ್ರ ಅತಿ ಉತ್ತರಕ್ಕೂ ಅತಿ ದಕ್ಷಿಣಕ್ಕೂ ಓಡುವ 2024-25ರ ದೊಡ್ಡ ಚಂದ್ರಸ್ತಂಭನದ (ಮೇಜರ್ ಲೂನಾರ್ ಸ್ಟ್ಯಾಂಡ್‌ಸ್ಟಿಲ್) ಕಾಲದಲ್ಲಿ ಶೆಫೀಲ್ಡ್‌ಗೆ ಬರೀ 8 ಡಿಗ್ರಿ, ಚಾಚಿದ ಕೈಯ ಒಂದು ಮುಷ್ಟಿಗಿಂತ ಕಡಿಮೆ. ಡಿಸೆಂಬರ್‌ನಲ್ಲಿ 65ರವರೆಗೆ ಏರುತ್ತಾನೆ. 8 ಡಿಗ್ರಿಯಲ್ಲಿ ನೀರು ಅಂಚಿಗಿಂತ ಒಂದು ಸೆಂಟಿಮೀಟರ್ ತಗ್ಗಿದ್ದರೂ ಅಂಚಿನ ನೆರಳು ಏಳು ಸೆಂಟಿಮೀಟರ್ ಬೀಳುತ್ತದೆ. ನೋಡುವ ಕಣ್ಣೂ ಅದೇ ಕೋನದಲ್ಲಿರಬೇಕು: ನೀರಿನಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಕಣ್ಣಿದ್ದರೆ ಬಟ್ಟಲಿನಿಂದ ಎರಡು ಮೀಟರಿಗೂ ಸ್ವಲ್ಪ ಹೆಚ್ಚು ದೂರ. ನಿಂತು ಬಗ್ಗಿ ನೋಡಿದರೆ ಎಂದಿಗೂ ಸಿಗುವುದಿಲ್ಲ.

ಹಾಗಾಗಿ ಬೇಸಿಗೆಗೆ ಹಿತ್ತಾಳೆಯ ಹರಿವಾಣ. ನಲವತ್ತು ಸೆಂಟಿಮೀಟರ್ ಅಗಲ, ಬೆರಳಗಲದ ಅಂಚು, ನೀರು ತುಳುಕುವಷ್ಟು ತುಂಬಿಸಿ, ಅಂಗೈಯಗಲದ ಕಪ್ಪು ಸ್ಲೇಟು ಚೂರು ತಳಕ್ಕೆ ಹಾಸಿ, ನೆಲಕ್ಕೆ ಕಂಬಳಿ ಹಾಸಿ ಮೊಣಕೈ ಊರಿ ಮಲಗಬೇಕು. ಚಳಿಗಾಲಕ್ಕೆ ಕಬ್ಬಿಣದ ಬಾಣಲೆ: ಒಳಗೆ ಎಣ್ಣೆ ಹೀರಿ ಕಪ್ಪಾದದ್ದು ಯಾವ ಶಾಯಿಗಿಂತಲೂ ಮೇಲು. ಹತ್ತು ಹನ್ನೆರಡು ಪೌಂಡಿಗೆ ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿದ್ದು, ಕೌಲ್ಡ್ರನ್ ಎಂದು ಬರೆದ ಚೀಟಿ ಅಂಟಿದ್ದರೆ ಅದೇ ಅಳತೆಗೆ ಮೂರರಷ್ಟು. ರಾತ್ರಿಯಿಡೀ ನೀರು ಬಿಡಬೇಡಿ, ತುಕ್ಕು ಹಿಡಿಯುತ್ತದೆ. ಉಪ್ಪುನೀರಂತೂ ಹಾಕಲೇಬೇಡಿ. ಹಿತ್ತಾಳೆಯ ಲೋಟವನ್ನು ಚಾಲಿಸ್ (ವಿಧಿಯ ಪಾನಪಾತ್ರೆ) ಮಾಡುವವರಿಗೆ ಒಂದು ಮಾತು: ಒಳಗೆ ಕಲಾಯಿ ಇಲ್ಲದಿದ್ದರೆ ವೈನ್ ಸುರಿಯಬೇಡಿ, ಹುಳಿಗೆ ಕಿಲುಬು ಏಳುತ್ತದೆ, ಕುಡಿದವರಿಗೆ ಹೊಟ್ಟೆ ಕೆಡುತ್ತದೆ.

ಜಾಗವನ್ನೂ ಮೊದಲೇ ಅಳೆಯಿರಿ. ಹತ್ತು ಮೀಟರ್ ಆಚೆ ಎರಡು ಮೀಟರಿನ ಬೇಲಿ 11 ಡಿಗ್ರಿ ಮರೆಮಾಡುತ್ತದೆ, ಜೂನ್ ಚಂದ್ರ ಅದರ ಹಿಂದೆಯೇ ಹುಟ್ಟಿ ಹಿಂದೆಯೇ ಮುಳುಗುತ್ತಾನೆ. ಆಗ ಹುಟ್ಟುವುದು ಪೂರ್ವದಲ್ಲಲ್ಲ, ಆಗ್ನೇಯಕ್ಕೂ ಸ್ವಲ್ಪ ದಕ್ಷಿಣಕ್ಕೆ, ದಿಕ್ಸೂಚಿಯಲ್ಲಿ 140ರ ಆಸುಪಾಸು. ಶೆಫೀಲ್ಡ್ ಪಕ್ಕದ ಗುಡ್ಡಗಾಡು ಪೀಕ್ ಡಿಸ್ಟ್ರಿಕ್ಟ್‌ನ ಬಂಡೆಯಂಚಿಗೆ ಹೋದರೆ ತೆರೆದ ದಿಗಂತ ಸಿಗುತ್ತದೆ. ಬಲಿಪೀಠ ಉತ್ತರದಲ್ಲಿಟ್ಟು ಅದಕ್ಕೆ ಬೆನ್ನು ಮಾಡಿ ನಿಂತ ಪ್ರೀಸ್ಟೆಸ್‌ಗೆ ಚಂದ್ರ ಕಣ್ಣಿನ ಮಟ್ಟದಲ್ಲೇ ಬರುತ್ತಾನೆ, ಡಿಸೆಂಬರ್‌ನಲ್ಲಿ ಕತ್ತು ಎತ್ತಿ ಕರೆಯುವುದಕ್ಕಿಂತ ಇದು ಎಷ್ಟೋ ಬಲವಾದದ್ದು. ಅಲ್ಲಿ ಬೆಂಕಿ ಮಾತ್ರ ಬೇಡ. ಹೀದರ್ ಪೊದೆ ಒಣಗಿರುತ್ತದೆ, ಇದ್ದಿಲಿನ ಒಂದು ಕಿಡಿ ಸಾಕು. ಬ್ಯಾಟರಿ ಲಾಂದ್ರ ಒಯ್ಯಿರಿ.

ಮೋಂಬತ್ತಿಯ ವಿಷಯ. ಸಪ್ತಮಿಯಿಂದ ಹುಣ್ಣಿಮೆಗೆ ಒಂಬತ್ತು ತಿಥಿ. 20 ಸೆಂಟಿಮೀಟರಿನ ಮೋಂಬತ್ತಿಯಲ್ಲಿ ಬುಡಕ್ಕೆ ಎರಡು ಬಿಟ್ಟು, ಉಳಿದ 18ರಲ್ಲಿ ಎರಡೆರಡು ಸೆಂಟಿಮೀಟರಿಗೆ ಗುಂಡುಸೂಜಿ ಚುಚ್ಚುತ್ತೇನೆ. ಎಲ್ಲರೂ ರಾತ್ರಿಗೊಂದು ಗುರುತು ಉರಿಸುತ್ತಾರೆ, ಅಲ್ಲಿ ತಪ್ಪುತ್ತದೆ. ತಿಥಿ ಕೆಲವೊಮ್ಮೆ 19 ಗಂಟೆಗೇ ಮುಗಿಯುತ್ತದೆ, ಕೆಲವೊಮ್ಮೆ 26ರವರೆಗೆ ಎಳೆಯುತ್ತದೆ. ರಾತ್ರಿ ಹತ್ತಕ್ಕೆ ಇಲ್ಲಿ ಯಾವ ತಿಥಿ ನಡೆಯುತ್ತಿದೆ ನೋಡಿ. ಎರಡು ರಾತ್ರಿ ಒಂದೇ ತಿಥಿ ಬಿದ್ದರೆ ಅರ್ಧರ್ಧ ಉರಿಸಿ, ಒಂದು ತಿಥಿ ಹಾರಿಹೋಗಿದ್ದರೆ ಅದರ ಗುರುತನ್ನೂ ಸೇರಿಸಿ ಉರಿಸಿ. ಕೊನೆಯ ಸೂಜಿ ಹುಣ್ಣಿಮೆಗೇ ಬೀಳುತ್ತದೆ. ಜೇನುಮೇಣ ಕಿಲೋಗೆ ಇಪ್ಪತ್ತು ಪೌಂಡ್ ಹತ್ತಿರ. 63 ಡಿಗ್ರಿಗೆ ಕರಗುತ್ತದೆ, ಬಿಸಿನೀರಿನ ಪಾತ್ರೆಯೊಳಗಿಟ್ಟೇ ಕರಗಿಸಿ, ಎಪ್ಪತ್ತು ದಾಟಿಸದೆ ಸುರಿಯಿರಿ. ತಣ್ಣನೆಯ ಗ್ಯಾರೇಜಿನಲ್ಲಿ ಆರಲು ಬಿಟ್ಟರೆ ಉದ್ದಕ್ಕೆ ಬಿರುಕು. ಬತ್ತಿಯ ದಾರ ಸಣ್ಣದಾದರೆ ನಡುವೆ ಬಾವಿ ತೋಡಿಕೊಂಡು ಉರಿಯುತ್ತದೆ, ಗುರುತುಗಳಿಗೆ ಅರ್ಥವೇ ಉಳಿಯುವುದಿಲ್ಲ.

ಧೂಪದಲ್ಲಿ ಒಂದು ಪ್ರಯೋಗ ಹೇಳಲೇಬೇಕು. ಸ್ಕ್ರೈಯಿಂಗ್‌ಗೆ ಎಲ್ಲರೂ ಮಗ್‌ವರ್ಟ್ ಹಾಕುತ್ತಾರೆ, ಆರ್ಟೆಮಿಸಿಯಾ ಕುಲ, ಚಂದ್ರದೇವಿ ಆರ್ಟೆಮಿಸ್‌ಳ ಹೆಸರಿನದು. ಚೈತ್ರದ ಹುಣ್ಣಿಮೆಗೆ ನಾವು ಏರಿಸುವ ದವನವೂ ಅದೇ ಕುಲದ್ದು. ಊರಿಂದ ತಂದು ನೆರಳಲ್ಲಿ ಒಣಗಿಸಿದ ದವನ ಒಂದು ಚಿಟಿಕೆ, ಲೋಬಾನ ಕಡಲೆಗಾತ್ರದ್ದು ಎರಡು, ಸ್ವಲ್ಪ ಗಂಧದ ಪುಡಿ. ಮಗ್‌ವರ್ಟ್‌ನ ಕಹಿ ಹೊಗೆ ಇಲ್ಲ, ಸಿಹಿ ವಾಸನೆ ಬಹಳ ಹೊತ್ತು ನಿಲ್ಲುತ್ತದೆ. ಇದಕ್ಕೆ ಸೇರುವ ನಾಲ್ಕನೆಯದನ್ನು ಹೇಳುವುದಿಲ್ಲ. ಒಣ ಮಲ್ಲಿಗೆ ಹಾಕಿ ನೋಡಿದೆ, ಸುಟ್ಟ ಹುಲ್ಲಿನ ವಾಸನೆ. ಇದ್ದಿಲಿನ ಬಿಲ್ಲೆ ಪೂರ್ತಿ ಬೂದಿ ಕಟ್ಟಿದ ಮೇಲೆಯೇ ಉದುರಿಸಿ, ಬಟ್ಟಲಿಗೆ ಎರಡು ಬೆರಳು ಮರಳಿರಲಿ, ಕಿಟಕಿ ತೆರೆದಿರಲಿ. ಗರ್ಭಿಣಿಯರಿದ್ದರೆ ಮಗ್‌ವರ್ಟ್ ದವನ ಎರಡೂ ಬೇಡ. ಅಂಗಡಿಯ ಮೂನ್ ಇನ್ಸೆನ್ಸ್ 30 ಗ್ರಾಮಿಗೆ ಐದು ಪೌಂಡ್ ಕೊಡುತ್ತಿದ್ದೆವು. ಇದು ಒಂದು ಪೌಂಡಿನೊಳಗೆ ಆಗುತ್ತದೆ.

ಬ್ಲೂ ಮೂನ್, ಅಂದರೆ ಒಂದೇ ಇಂಗ್ಲಿಷ್ ತಿಂಗಳಲ್ಲಿ ಬರುವ ಎರಡನೆಯ ಹುಣ್ಣಿಮೆ, ಅದರ ಬಗ್ಗೆ ಕೇಳುವವರಿದ್ದಾರೆ. ಅಧಿಕಮಾಸ, ಬ್ಲೂ ಮೂನ್ ಎರಡಕ್ಕೂ ಮೂಲ ಒಂದೇ, 19 ವರ್ಷಕ್ಕೆ 235 ಚಾಂದ್ರಮಾಸ, ಅಂದರೆ ಏಳು ಹೆಚ್ಚುವರಿ. ಆದರೆ ಎರಡೂ ಒಟ್ಟಿಗೇ ಬರಬೇಕೆಂದಿಲ್ಲ. 2023ರಲ್ಲಿ ಆಗಸ್ಟ್ 1ರದು ಅಧಿಕ ಹುಣ್ಣಿಮೆ, ಬ್ಲೂ ಮೂನ್ ಎನಿಸಿಕೊಂಡ 31ರದು ನಿಜ ಶ್ರಾವಣದ್ದು. 2026ರಲ್ಲಿ ಮೇ 31ರ ಬ್ಲೂ ಮೂನ್ ಅಧಿಕ ಜೇಷ್ಠದ ಹುಣ್ಣಿಮೆಯೇ. ಗಳಿಗೆ ಇಲ್ಲಿ ಬೆಳಿಗ್ಗೆ 9:45. ಡೈರಿ 31 ಎನ್ನುತ್ತದೆ, ವೃತ್ತ ಹಾಕಬೇಕಾದದ್ದು 30ರ ರಾತ್ರಿ. ಚಂದ್ರ ಇನ್ನೂ ತಗ್ಗಿನಲ್ಲೇ ಇರುತ್ತಾನೆ, ಹರಿವಾಣವನ್ನೇ ಒಯ್ಯಿರಿ.